ಒಂದನೇ ನಂಬರಿನ ಹುರುಳಿ

ಹುರುಳಿಕಾಳು ಬೇಯುವ ವಾಸನೆ ಬಂದರೆ ನನಗೆ ಈಗಲೂ ಸಿಟ್ಟು ಬರುತ್ತದೆ. ಮೊನ್ನೆ ಪಕ್ಕದ ಮನೆಯವರು ಬಸ್ಸಾರಿಗೆಂದು ಕುಕ್ಕರ್ ಕೂಗಿಸಿದರು. ಮೂರನೇ ಕೂಗಿಗೆ ಆ ಮಣ್ಣು ಮಣ್ಣು ವಾಸನೆ ನಮ್ಮ ಅಡುಗೆಮನೆಯ ಕಿಟಕಿಯಿಂದ ಒಳಗೆ ಬಂತು, ನಾನು ಕೈಲಿದ್ದ ಸೌಟನ್ನು ಕುಕ್ಕಿ ಇಟ್ಟೆ. ನಮ್ಮ ಯಜಮಾನರು ಹಜಾರದಿಂದಲೇ "ಏನಾಯ್ತೇ?" ಎಂದರು. "ಏನಿಲ್ಲ, ಸಿದ್ದಮ್ಮ ನೆನಪಾದರು" ಎಂದೆ. ಅವರು ಮತ್ತೆ ಪೇಪರಿಗೆ ಮುಖ ಹಾಕಿದರು. ಸಿದ್ದಮ್ಮನ ಕತೆಯನ್ನು ಅವರಿಗೆ ಅರ್ಧ ಮಾತ್ರ ಹೇಳಿದ್ದೇನೆ. ಪೂರ್ತಿ ಹೇಳಿದರೆ ನನ್ನ ಮಾನ ಹೋಗುತ್ತದೆ. ಇಲ್ಲಿ ಬರೆಯುತ್ತಿರುವುದು ಅವರು ಇಂಥದ್ದನ್ನೆಲ್ಲ ಓದುವುದಿಲ್ಲ ಎಂಬ ಧೈರ್ಯದ ಮೇಲೆ.

ಆ ವರ್ಷ ನಾನು ತಿ. ನರಸೀಪುರದಲ್ಲಿ ಒಂದು ಸಂಶೋಧನಾ ಯೋಜನೆಯ ಸಹಾಯಕಿ. ಗುತ್ತಿಗೆ ಕೆಲಸ. ನಂಜನಗೂಡಿನ ತವರುಮನೆಯಿಂದ ದಿನಾ ಬೆಳಿಗ್ಗೆ ಬಸ್ಸು ಹಿಡಿದು ಹೋಗುವುದು, ಸಂಜೆ ಬರುವುದು. ಬಸ್ ನಿಲ್ದಾಣದ ಹತ್ತಿರ ಒಂದು ಔಷಧಿ ಅಂಗಡಿಯ ಮಹಡಿಯಲ್ಲಿ ನಮಗೆ ಎರಡು ಕೋಣೆ. ಒಂದರಲ್ಲಿ ಎರಡು ಮೇಜು, ಇನ್ನೊಂದರಲ್ಲಿ ಎದೆಯೆತ್ತರದ ಫ್ರೀಜರ್. ಮೈಸೂರಿನಿಂದ ವಾರಕ್ಕೊಮ್ಮೆ ಬರುತ್ತಿದ್ದ ಮೇಡಂ ನಮ್ಮ ಮುಖ್ಯಸ್ಥೆ. ಭತ್ತ, ಗೋಧಿ, ಮುಸುಕಿನ ಜೋಳದ ಡಿಎನ್‌ಎಯನ್ನು ಜಗತ್ತೆಲ್ಲ ಓದಿ ಅರೆದು ಕುಡಿದಿದೆ, ನಮ್ಮ ಹುರುಳಿ ಅವರೆಗಳ ಕಡೆ ಯಾರೂ ಸರಿಯಾಗಿ ತಿರುಗಿ ನೋಡಿಲ್ಲ ಎಂಬುದು ಅವರ ಕೊರಗು. ಎಲೆಯಿಂದ ಡಿಎನ್‌ಎ ತೆಗೆದು ಬೆಂಗಳೂರಿನ ಒಂದು ಕೇಂದ್ರಕ್ಕೆ ಕಳಿಸಿದರೆ ಅಲ್ಲಿನ ಯಂತ್ರ ಅದನ್ನು ಚೂರು ಚೂರು ಮಾಡಿ, ಕೋಟಿಗಟ್ಟಲೆ ಚೂರುಗಳನ್ನು ಒಂದೇ ಸಲ ಓದಿಬಿಡುತ್ತಿತ್ತು. ಒಂದೇ ಪುಸ್ತಕದ ಹತ್ತಾರು ಪ್ರತಿಗಳನ್ನು ಹರಿದು ರಾಶಿ ಹಾಕಿ, ಚಿಂದಿಗಳನ್ನು ಓದಿ ಮತ್ತೆ ಪುಸ್ತಕ ಜೋಡಿಸಿದ ಹಾಗೆ ಎಂದು ಮೇಡಂ ವಿವರಿಸುತ್ತಿದ್ದರು. ಜೋಡಿಸುವ ಕೆಲಸ ಕಂಪ್ಯೂಟರಿನದು. ಎಲೆ ತರುವ ಕೆಲಸ ನಮ್ಮದು.

ನಾವೆಂದರೆ ನಾನು ಮತ್ತು ಮಂಜುನಾಥ. ನಂಜನಗೂಡು ತಾಲ್ಲೂಕಿನ ಹುರುಳಿ ನನ್ನ ಪಾಲು, ನರಸೀಪುರ ತಾಲ್ಲೂಕಿನ ಅವರೆ ಅವನ ಪಾಲು. ಅವನು ಸೋಮನಾಥಪುರದವನು. ಚಿಕ್ಕಂದಿನಲ್ಲಿ ದೇವಸ್ಥಾನ ನೋಡಲು ಬಂದವರು ದಾರಿ ಕೇಳಿದರೆ ಬೇಕಂತಲೇ ಊರೆಲ್ಲ ಸುತ್ತಿಸಿ ಕಳಿಸುತ್ತಿದ್ದೆ ಎಂದು ಅವನೇ ಹೆಮ್ಮೆಯಿಂದ ಹೇಳಿಕೊಂಡಿದ್ದ. ಅಂಥವನನ್ನು ನಂಬುವುದು ಹೇಗೆ? ಹಾಗೆ ನೋಡಿದರೆ ನಾನು ಯಾರನ್ನೂ ನಂಬುವವಳಲ್ಲ. "ದೇವರ ಪ್ರಸಾದ ಕೊಟ್ರೂ ಮೂಸಿ ನೋಡಿ ತಿಂತೀಯಲ್ಲೇ" ಎಂದು ಅಮ್ಮ ಬಯ್ಯುತ್ತಿದ್ದಳು.

ಬಿಳಿಗೆರೆ ಕಡೆಯ ಒಂದು ಹಳ್ಳಿಯಲ್ಲಿ ನಮಗೆ ಹನ್ನೆರಡು ಮನೆಯ ಹುರುಳಿ ಬೇಕಿತ್ತು. ಅದರಲ್ಲೂ ಸಿದ್ದಮ್ಮ ಎಂಬುವರ ಮನೆಯದು ಬೇಕೇ ಬೇಕಿತ್ತು. ಅವರ ಅತ್ತೆ ತವರಿನಿಂದ ಸೆರಗಿನಲ್ಲಿ ಕಟ್ಟಿಕೊಂಡು ಬಂದ ಬೀಜವಂತೆ. ಮಳೆ ಕೈಕೊಟ್ಟ ವರ್ಷ ಬರೀ ಇಬ್ಬನಿ ಕುಡಿದು ಕಾಯಿ ಕಟ್ಟುತ್ತದಂತೆ. ಊರಿನವರೆಲ್ಲ ಅದನ್ನು ಸಿದ್ದಮ್ಮನ ಹುಳ್ಳಿ ಎಂದೇ ಕರೆಯುತ್ತಿದ್ದರು. ಎರಡು ವರ್ಷದ ಹಿಂದೆ ಬೈಕಿನಲ್ಲಿ ಬಂದ ಯಾರೋ ಒಬ್ಬ, ತಾನು ವಸ್ತುಪ್ರದರ್ಶನದವನೆಂದು ಹೇಳಿ ಅದರಲ್ಲಿ ಎರಡು ಸೇರು ಒಯ್ದಿದ್ದ. ಮರುವರ್ಷ ಅಂಥದ್ದೇ ಕಾಳು ಬಣ್ಣದ ಪೊಟ್ಟಣದಲ್ಲಿ, ಯಾರದೋ ಹೆಸರಿನಲ್ಲಿ ಅಂಗಡಿಗೆ ಬಂದಿತ್ತು. ತನ್ನ ಬೀಜವನ್ನು ತಾನೇ ಕೊಂಡು ಬಿತ್ತುವ ಕಾಲ ಬರುತ್ತದೇನೋ ಎಂಬ ಹೆದರಿಕೆ ಸಿದ್ದಮ್ಮನಿಗೆ. ಮೇಡಂ ಸಿದ್ದಮ್ಮನ ಮನೆಯ ಜಗಲಿಯ ಮೇಲೆ ಕೂತು ಮಾತು ಕೊಟ್ಟರು. ಎಲೆ ಓದಿಸಿ, ಇದು ಬೇರೆಯೇ ತಳಿ ಎಂದು ಸಾಬೀತಾದರೆ, ಅದು ಸಿದ್ದಮ್ಮನ ಮನೆಯದೆಂದು ದಾಖಲೆ ಮಾಡಿಸುತ್ತೇವೆ. ಆಮೇಲೆ ಯಾವನೂ ಅದನ್ನು ತನ್ನದೆನ್ನಲು ಆಗದು.

ಸಿದ್ದಮ್ಮನ ಮೈದುನ ಮಾದೇವಪ್ಪ ಕಂಬಕ್ಕೆ ಒರಗಿ ಎಲ್ಲ ಕೇಳಿಸಿಕೊಂಡರು. "ಮೇಡಮ್ಮೋರೆ, ರಕ್ತ ತಗುದ್ರೆ ಕಾಯಿಲೆ ಗೊತ್ತಾಯ್ತದೆ, ಸರಿ. ಸೊಪ್ಪು ತಗುದ್ರೆ ಏನ್ ಗೊತ್ತಾದದು? ಅದ್ನ ಓದಕ್ಕೆ ಅದೇನ್ ಕಾಗ್ಜವಾ?"

ಮೇಡಂ ಪುಸ್ತಕ ಹರಿದು ಜೋಡಿಸುವ ಕತೆ ಹೇಳಿದರು.

"ಅರ್ದಾಕುದ್ ಮ್ಯಾಲೆ ಯಾವ ಆಳೆ ಯಾರ್ದು ಅಂತ ನೀವು ಯೋಳುದ್ದೇ ಸತ್ಯ ಅಲ್ವ?" ಎಂದರು ಮಾದೇವಪ್ಪ. ನನಗೆ ಒಳಗೊಳಗೇ ಆ ಮನುಷ್ಯ ಹಿಡಿಸಿಬಿಟ್ಟರು. ನಾನಾಗಿದ್ದರೂ ಅದನ್ನೇ ಕೇಳುತ್ತಿದ್ದೆ.

ಸಿದ್ದಮ್ಮ ಮಾತ್ರ ಮೇಡಂ ಕಡೆ ನೋಡಲೇ ಇಲ್ಲ. ಅವರು ನೋಡುತ್ತಿದ್ದುದು ನನ್ನನ್ನು. ಯಾರ ಮಗಳು, ಯಾವ ಬೀದಿ, ಮದುವೆ ಯಾಕೆ ಆಗಿಲ್ಲ, ಸಂಬಳ ಎಷ್ಟು ಎಲ್ಲ ಕೇಳಿ ಮುಗಿಸಿದ ಮೇಲೆ, "ಆಗ್ಲಿ, ನಾಳೀಕೆ ಬಾ ಕೂಸು. ಸೊಪ್ಪ ನಾನೇ ಕುಯ್ಕೊಡ್ತೀನಿ. ನೀನು ಮುಟ್ಬ್ಯಾಡ" ಎಂದರು. ನಮ್ಮ ಕಡೆ ಹೆಣ್ಣುಮಕ್ಕಳನ್ನು ಎಷ್ಟು ವಯಸ್ಸಾದರೂ ಕೂಸು ಎನ್ನುವುದು ವಾಡಿಕೆ. ಆ ಒಂದು ಮಾತಿಗೆ ನಾನು ಕರಗಿಹೋದೆ. ಪ್ರಸಾದ ಮೂಸುವವಳಿಗೂ ಇಂಥ ದೌರ್ಬಲ್ಯ ಇರುತ್ತದೆ ನೋಡಿ.

ಕಾರ್ತಿಕ ಮಾಸ. ಬೆಳಗಿನ ಇಬ್ಬನಿಗೆ ಚಪ್ಪಲಿಯೆಲ್ಲ ಒದ್ದೆ. ರಸ್ತೆ ಪಕ್ಕದ ಕೆಳಗಿನ ಹೊಲದಲ್ಲಿ ಸಿದ್ದಮ್ಮ ನಿಂತರು. "ನೀನು ಬದಿನ ಮ್ಯಾಲೇ ನಿಂತ್ಕೊ, ಗಿಡ ತುಳ್ದೀಯೆ" ಎಂದು ತಾವೇ ಇಳಿದು ಎಳೆ ಎಲೆ ಐದು ಕಿತ್ತರು. ಅಷ್ಟು ದೂರದಲ್ಲಿ, ಹುಣಸೆಮರದ ಆಚೆ, ಇನ್ನೊಂದು ಹೊಲ ಹಸಿರಾಗಿ ಕಾಣುತ್ತಿತ್ತು. ಅದು ಯಾರದೆಂದು ಕೇಳಿದೆ. "ಅದೂ ನಮ್ದೇಯ. ಅಲ್ಲೇನದೆ, ಬರೀ ಮುಳ್ಳು" ಎಂದರು. ನಾನು ತೇವ ಹೀರುವ ಹರಳು ತುಂಬಿದ್ದ ಬೆರಳುದ್ದದ ಟ್ಯೂಬಿನ ಮುಚ್ಚಳ ತೆಗೆದು ಎಲೆ ಹಾಕಿಕೊಂಡು, "ಒಂದು" ಎಂದು ಪೆನ್ನು ತೆಗೆದೆ. ಸಿದ್ದಮ್ಮ ನನ್ನ ಮುಂಗೈ ಹಿಡಿದುಬಿಟ್ಟರು.

"ಬೆಳೆ ಮುಂದೆ ನಿಂತ್ಕಂಡು ಒಂದು ಅಂದರಾ? ನಿಮ್ಮನೇಲಿ ಯಾರೂ ಯೋಳ್ಕೊಟ್ಟಿಲ್ವ? ಲಾಭ ಅನ್ನು."

ಹೇಳಿಕೊಡದೆ ಏನು, ಕಣದಲ್ಲಿ ರಾಶಿ ಅಳೆಯುವಾಗ ಮೊದಲ ಅಳತೆಗೆ ಒಂದು ಎನ್ನಬಾರದು, ಲಾಭ ಎನ್ನಬೇಕು, ಆಮೇಲೆ ಎರಡು, ಮೂರು ಎಂದು ಯಾರಿಗೆ ಗೊತ್ತಿಲ್ಲ? ಐದು ಎಲೆಗೂ ಆ ಶಾಸ್ತ್ರ ಇದೆಯೆಂದು ನನಗೆ ತಿಳಿದಿರಲಿಲ್ಲ ಅಷ್ಟೆ. "ಲಾಭ" ಎಂದೆ. "ಆಂ, ಬರ್ಕೊ ಈಗ" ಎಂದರು. ಬರೆದುಕೊಂಡೆ. ಆಮೇಲೆ ಉಳಿದ ಹನ್ನೊಂದು ಹೊಲ ಸುತ್ತಿ ಮುಗಿಸುವಷ್ಟರಲ್ಲಿ ಬಿಸಿಲು ನೆತ್ತಿಗೇರಿ ಸೊಂಟ ಬಿದ್ದುಹೋಗಿತ್ತು. ವಾಪಸು ಬರುವಾಗ ಬಸ್ಸಿನಲ್ಲಿ ಕೂತು ನೋಟ್ ಪುಸ್ತಕದಲ್ಲಿ ಹನ್ನೆರಡು ಹೆಸರೂ ಅಚ್ಚುಕಟ್ಟಾಗಿ ಬರೆದೆ. ಬಿಳಿಗೆರೆಯ ಬಿ, ಮುಂದೆ ಅಂಕಿ. ಬಿ-1 ಸಿದ್ದಮ್ಮ.

ಡಿಸೆಂಬರಿನಲ್ಲಿ ಬೆಂಗಳೂರಿಗೆ ಕಳಿಸುವ ಮುಂಚೆ ಫ್ರೀಜರ್ ತೆಗೆದು ಪಟ್ಟಿ ಹಿಡಿದು ಟ್ಯೂಬುಗಳನ್ನು ಎಣಿಸಿದೆವು. ಬಿ-2ರಿಂದ ಬಿ-12ರವರೆಗೆ ಎಲ್ಲ ಇತ್ತು. ಬಿ-1 ಇರಲಿಲ್ಲ.

ಡಬ್ಬಿ ಬುಡಮೇಲು ಮಾಡಿದೆ. ಮಂಜು ಬಗ್ಗಿ ಮೇಜಿನ ಅಡಿ ನೋಡಿದ. ಇರಲಿಲ್ಲ ಎಂದರೆ ಇರಲಿಲ್ಲ. ಹೋದರೆ ಏನಾದರೂ ಹೋಗಲಿ, ಅದೇ ಯಾಕೆ ಹೋಗಬೇಕು? ಕಳ್ಳನಿಗೆ ಯಾವುದು ಬೇಕೋ ಅದನ್ನೇ ಆರಿಸಿಕೊಂಡು ಹೋದಂತಿತ್ತು. ಅಲ್ಲಿಂದ ಶುರುವಾಯಿತು ನೋಡಿ ನನ್ನ ಪತ್ತೇದಾರಿಕೆ.

ಮೊದಲ ಅನುಮಾನ ಮಂಜುವಿನ ಮೇಲೆ. ನಿನ್ನ ಅವರೆ ಡಬ್ಬಿಗಳನ್ನೂ ಒಮ್ಮೆ ತೆಗೆದು ತೋರಿಸು ಎಂದರೆ, "ನನ್ ಡಬ್ಬೀಲಿ ಏನದೆ? ಬರೀ ಅವರೆ" ಎಂದು ಮುಚ್ಚಳ ಒತ್ತಿ ಹಿಡಿದ. ಮುಖ ಬಿಳಿಚಿಕೊಂಡಿತ್ತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡ ಎನ್ನುತ್ತಾರಲ್ಲ, ಹಾಗೆ. ಆಮೇಲೆ ಮೇಡಂ ಮೇಲೆ. ಒಂದು ದಿನ ಅವರು ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ, "ಹೌದು, ಒಂದು ವಿಶೇಷ ತಳಿ ಸಿಗೋ ಹಾಗಿದೆ" ಎಂದು ತಗ್ಗಿದ ದನಿಯಲ್ಲಿ ಹೇಳಿದ್ದನ್ನು ನಾನು ಕೇಳಿಸಿಕೊಂಡಿದ್ದೆ. ಆ ಕಡೆ ಯಾರಿದ್ದರು? ಯಾವ ಕಂಪನಿಯವನು? ಕೆಳಗಿನ ಔಷಧಿ ಅಂಗಡಿಯವರು ಕೂಡ ನನ್ನ ಪಟ್ಟಿಯಿಂದ ತಪ್ಪಿಸಿಕೊಳ್ಳಲಿಲ್ಲ. ಅವರ ಹತ್ತಿರ ನಮ್ಮ ಕೋಣೆಯ ಇನ್ನೊಂದು ಬೀಗದಕೈ ಇತ್ತು.

ಮೇಡಂ ಅನುಮಾನ ಪಟ್ಟಿದ್ದು ನನ್ನ ಮೇಲೆ. ನೋಟ್ ಪುಸ್ತಕ ತಿರುವಿ ಹಾಕುತ್ತಾ, ಮೆತ್ತಗೆ, "ಗಿರಿಜಾ, ನೀವು ನಿಜವಾಗಲೂ ಆ ಹೊಲಕ್ಕೆ ಹೋಗಿದ್ದಿರಾ?" ಎಂದರು. ಮನೆಯಲ್ಲೇ ಕೂತು ಪಟ್ಟಿ ತುಂಬುವ ಸಹಾಯಕರು ಇರುತ್ತಾರೆ, ಅದು ಎಲ್ಲರಿಗೂ ಗೊತ್ತು. ನನ್ನನ್ನೂ ಆ ಸಾಲಿಗೆ ಸೇರಿಸಿದರಲ್ಲ ಎಂದು ಹೊಟ್ಟೆ ಉರಿದುಹೋಯಿತು. "ಹೋಗಿದ್ದೆ ಮೇಡಂ. ಬೇಕಾದರೆ ಸಿದ್ದಮ್ಮನವರನ್ನೇ ಕೇಳಿ" ಎಂದೆ. ಅವರು ಕೇಳಲಿಲ್ಲ. ಉಳಿದ ಹನ್ನೊಂದನ್ನು ಕಳಿಸಿದರು. ಗಿಡ ಒಣಗುತ್ತಾ ಬಂದಿತ್ತು, ಹೊಸ ಎಲೆ ತರುವ ಕಾಲ ಮೀರಿತ್ತು. ವರ್ಷದ ಪಟ್ಟಿಯಲ್ಲಿ ಸಿದ್ದಮ್ಮನ ಹೆಸರಿಲ್ಲ ಎಂದು ತೀರ್ಮಾನವಾಯಿತು.

ಎಲೆ ಕೊಟ್ಟ ಮನೆಗಳಿಗೆಲ್ಲ ಪಟ್ಟಿಯ ಪ್ರತಿ ಕಳಿಸುವುದು ನಮ್ಮ ನಿಯಮ. ಅದು ಊರು ತಲುಪಿದ ವಾರ ನಾನು ಹೋಗಬೇಕಾಯಿತು. ಸಂಕ್ರಾಂತಿ ಮುಗಿದು ಹುರುಳಿ ಒಕ್ಕಣೆ ನಡೆಯುತ್ತಿತ್ತು. ಕಣದ ತುಂಬ ಧೂಳು. ಮಾದೇವಪ್ಪ ಕಾಗದವನ್ನು ಜೇಬಿನಿಂದ ತೆಗೆದು ಎಲ್ಲರಿಗೂ ಕಾಣುವ ಹಾಗೆ ಬಿಚ್ಚಿದರು.

"ಅನ್ನೊಂದು ಮನೆ ಎಸ್ರು ಅವೆ. ಮೊದಲ್ನೇದೇ ಇಲ್ಲ. ಎಲ್ಲೋಯ್ತು ಮೇಡಮ್ಮೋರೆ?"

"ಕಳೆದುಹೋಗಿದೆ" ಎಂದೆ.

"ಕಳ್ದೋಗದು ಅಂದ್ರೆ? ಮಿಕ್ಕಿದ್ ಅನ್ನೊಂದು ಭದ್ರವಾಗವೆ, ಬೇಕಾದ್ದು ಮಾತ್ರ ಕಳ್ದೋಯ್ತಾ? ಮೊದ್ಲು ಬೈಕಲ್ ಬಂದಿದ್ದೋನು ಎರಡು ಸೇರು ಒತ್ಕೊಂಡೋದ. ನೀವು ಬರೀ ಐದು ಎಲೆ ಸಾಕು ಅಂದ್ರಿ. ಕಾಲ ಮುಂದ್ವರ್ದದೆ ಕಣ್ರಪ್ಪ, ಕಳ್ಳತನ್ಕೂ ಈಗ ಎಲೆ ಸಾಕು!"

ಜನ ನಕ್ಕರು. ಆ ನಗು ಬೈಗುಳಕ್ಕಿಂತ ಕೆಟ್ಟದಾಗಿತ್ತು. ಒಬ್ಬಳು ಹೆಂಗಸು, "ಎಷ್ಟಕ್ಕೆ ಮಾರುದ್ಲೋ ಏನೋ" ಎಂದದ್ದು ಕೇಳಿಸಿತು. ಸಿದ್ದಮ್ಮ ಮಾತ್ರ ಅತ್ತ ತಿರುಗಿ ಕೂಡ ನೋಡದೆ ಮೊರದಲ್ಲಿ ಕಾಳು ಕೇರುತ್ತಿದ್ದರು. ಗದ್ದಲ ಹೆಚ್ಚಾದಾಗ, "ಓಗ್ಲಿ ಬುಡ್ಲಾ ಮಾದೇವ, ಐದು ಎಲೆಗೆ ಯಾಕಂಗೆ ಬಾಯ್ ಬಡ್ಕಂಡಿಯೆ" ಎಂದು ಮತ್ತೆ ಕೇರತೊಡಗಿದರು. ಅವರೊಬ್ಬರು ನನ್ನನ್ನು ನಂಬಿದ್ದಾರೆ ಎಂದುಕೊಂಡೆ. ಹಾಗೆಂದುಕೊಂಡಷ್ಟೂ ಸಂಕಟ ಹೆಚ್ಚಾಯಿತು. ಅವರ ಬೀಜ ಅವರ ಹೆಸರಿನಲ್ಲಿ ಉಳಿಯುವುದಕ್ಕೆ ಇದ್ದದ್ದು ಇದೊಂದೇ ದಾರಿ, ಅದನ್ನು ನನ್ನ ಕೈಯಾರೆ ಕಳೆದಿದ್ದೆ, ಆದರೂ ಆ ತಾಯಿ ನನಗೊಂದು ಬಿರುಸು ಮಾತು ಆಡಲಿಲ್ಲ. ಬಸ್ಸಿನಲ್ಲಿ ನಂಜನಗೂಡಿನವರೆಗೂ ಅತ್ತೆ. ಕಂಡಕ್ಟರು ಚಿಲ್ಲರೆಯನ್ನು ಕೂಡ ಕೇಳಲಿಲ್ಲ.

ಶಿವರಾತ್ರಿಯ ಹಿಂದಿನ ವಾರ ಇರಬೇಕು. ಬೆಳಿಗ್ಗೆ ನಾನು ಹಲ್ಲುಜ್ಜುತ್ತಾ ಹಿತ್ತಲ ಬಾಗಿಲಲ್ಲಿ ನಿಂತಿದ್ದೆ. ಅಮ್ಮ ಮಿಲ್ಲಿಗೆ ಕಳಿಸಲು ಚೀಲದಿಂದ ಡಬ್ಬಕ್ಕೆ ರಾಗಿ ಅಳೆಯುತ್ತಿದ್ದಳು. ಸೇರು ತುಂಬಿ, ಬೆರಳಿನಿಂದ ತಲೆ ಸವರಿ, ಸುರಿದು, "ಲಾಭ" ಎಂದಳು. ಮತ್ತೆ ತುಂಬಿ, "ಎರಡು" ಎಂದಳು.

ಬಾಯಲ್ಲಿದ್ದ ನೊರೆ ಹಾಗೇ ಉಳಿಯಿತು. ನನ್ನ ಮುಂಗೈ ಹಿಡಿದ ಸಿದ್ದಮ್ಮ, "ಬರ್ಕೊ ಈಗ" ಎಂದದ್ದು, ನಾನು ಟ್ಯೂಬಿನ ಮುಚ್ಚಳ ತಿರುಗಿಸಿ ಬರೆದದ್ದು ಕಣ್ಣಿಗೆ ಕಟ್ಟಿತು. ನಾನು ಅಂಕಿ ಬರೆದಿರಲಿಲ್ಲ. ಅವರು ಹೇಳಿದ್ದನ್ನೇ ಬರೆದಿದ್ದೆ! ಇಂಗ್ಲಿಷಿನಲ್ಲಿ, ಮೊದಲು ಬಿಳಿಗೆರೆಯ ಬಿ ಅಕ್ಷರ ಹಾಕಿ, ಮುಂದೆ ಲಾಭ ಎಂದು. ಮುಚ್ಚಳದಲ್ಲಿ ಜಾಗ ಕಿರಿದು, ಮೂರು ಅಕ್ಷರಕ್ಕೇ ನಿಲ್ಲಿಸಿದ್ದೆ. ಎಲ್, ಎ, ಬಿ.

ಇದರ ಅರ್ಥ ಹೊಳೆಯಲು ಬಾಯಿ ಮುಕ್ಕಳಿಸುವಷ್ಟು ಹೊತ್ತು ಬೇಕಾಗಲಿಲ್ಲ. ಅವರೆಗೆ ಸಸ್ಯಶಾಸ್ತ್ರದಲ್ಲಿ ಲ್ಯಾಬ್‌ಲ್ಯಾಬ್ ಎಂದು ಹೆಸರು. ಮಂಜು ತನ್ನ ಅವರೆ ಟ್ಯೂಬುಗಳ ಮೇಲೆಲ್ಲ ಬರೆಯುತ್ತಿದ್ದುದು ಅದರ ಮೊದಲ ಮೂರು ಅಕ್ಷರ, ಎಲ್ ಎ ಬಿ. ಅದಕ್ಕೂ ಮೊದಲು, ಅವನು ಎಲೆ ತಂದ ಬನ್ನೂರಿನ ಬಿ. ಫ್ರೀಜರಿನಲ್ಲಿ ಟ್ಯೂಬುಗಳನ್ನು ಬೇರ್ಪಡಿಸಿದ ಯಾರೇ ಆಗಲಿ ನನ್ನ ಲಾಭವನ್ನು ಬನ್ನೂರಿನ ಅವರೆ ಎಂದೇ ಓದುತ್ತಾರೆ.

"ಮುಖನಾದ್ರೂ ತೊಳ್ಕೊಂಡು ಹೋಗೇ!" ಎಂದು ಅಮ್ಮ ಕೂಗುತ್ತಿದ್ದಂತೆಯೇ ಓಡಿ ಬಸ್ಸು ಹತ್ತಿದೆ. ನರಸೀಪುರದ ಕೋಣೆಯಲ್ಲಿ ಮಂಜು ಆಗಷ್ಟೇ ಬೀಗ ತೆಗೆಯುತ್ತಿದ್ದ.

"ಮಂಜು, ನಿನ್ನ ಬನ್ನೂರು ಡಬ್ಬಿಯಲ್ಲಿ ನಂಬರಿಲ್ಲದ ಟ್ಯೂಬು ಒಂದಿದೆಯಾ?"

ಅವನ ಕೈಯಿಂದ ಬೀಗ ಜಾರಿತು. "ನಿಂಗ್ಯಾರ್ ಹೇಳುದ್ರು?" ಎಂದ.

ಇತ್ತು. ನವೆಂಬರಿನಿಂದಲೂ ಇತ್ತು. ಲೆಕ್ಕಕ್ಕಿಂತ ಒಂದು ಹೆಚ್ಚು ಕಂಡಾಗ, ತಾನೇ ಎಲ್ಲೋ ನಂಬರ್ ಹಾಕುವುದನ್ನು ಮರೆತಿದ್ದೇನೆ ಎಂದುಕೊಂಡು, ಮೇಡಂ ಕೈಗೆ ಸಿಕ್ಕಿಬೀಳುವ ಭಯಕ್ಕೆ, ಡಬ್ಬಿಯ ತಳದಲ್ಲಿ ಹತ್ತಿಯ ಕೆಳಗೆ ಬಚ್ಚಿಟ್ಟಿದ್ದ. ನಾನು ಡಬ್ಬಿ ತೋರಿಸು ಎಂದಾಗ, ತನ್ನನ್ನು ಕೆಲಸದಿಂದ ತೆಗೆಸಲು ನಾನೇ ಅದನ್ನು ಅಲ್ಲಿಟ್ಟಿದ್ದೇನೆ ಎಂಬ ಅನುಮಾನ ಬೇರೆ ಬಂದಿತ್ತಂತೆ.

"ಥೂ! ನಾನು ಅಂಥವಳಾ?" ಎಂದೆ.

"ಮತ್ತೆ ನಾನು ಅಂಥವ್ನಾ? ನೀನು ಮೂರು ತಿಂಗಳಿಂದ ನನ್ ಬ್ಯಾಗ್ ಕಡೆನೇ ನೋಡ್ತಿದ್ದೆ ಕಣೇ" ಎಂದ.

ನೋಡುತ್ತಿದ್ದೆ. ಸುಳ್ಳಲ್ಲ. ಒಂದು ದಿನ ಅವನು ಟೀ ಕುಡಿಯಲು ಇಳಿದಾಗ ಅದರ ಜಿಪ್ಪನ್ನೂ ತೆಗೆದಿದ್ದೆ. ಕಂಕುಳಲ್ಲಿ ಕೂಸಿಟ್ಟುಕೊಂಡು ಊರೆಲ್ಲ ಹುಡುಕಿದಳಂತೆ ಎಂಬ ಗಾದೆ ನನಗಾಗಿಯೇ ಹುಟ್ಟಿದ್ದು. ಕಳ್ಳರನ್ನು ಹುಡುಕಲು ಹೊರಟು ಮಂಜು, ಮೇಡಂ, ಔಷಧಿ ಅಂಗಡಿಯವರು ಎಲ್ಲರ ಮುಖದಲ್ಲೂ ಕಳ್ಳಕಳೆ ಕಂಡ ಈ ಮಹಾತಾಯಿಗೆ ತನ್ನ ಕೈಬರಹ ನೆನಪಿರಲಿಲ್ಲ. ನಾಚಿಕೆಯಾಯಿತು. ಮಂಜುವಿಗೆ ಅಲ್ಲೇ ಕೈಮುಗಿದು ತಪ್ಪಾಯಿತು ಎಂದೆ. ಅವನು ಎರಡು ದಿನ ಮಾತಾಡಲಿಲ್ಲ, ಮೂರನೇ ದಿನ ಅವನಾಗಿಯೇ ಟೀ ತರಿಸಿದ.

ಮೇಡಂ ಎದುರು ಎಲ್ಲವನ್ನೂ ಒಪ್ಪಿಕೊಂಡೆ. ಅವರು ಕನ್ನಡಕ ತೆಗೆದು ಟ್ಯೂಬನ್ನು ಹತ್ತಿರ ಹಿಡಿದು, ಬಹಳ ಹೊತ್ತು ನೋಡಿ, ನಕ್ಕರು. ಫೋನಿನ ವಿಷಯವನ್ನೂ ಕೇಳಿಬಿಟ್ಟೆ. ಆ ಕಡೆ ಇದ್ದದ್ದು ಅವರ ಗುರುಗಳಂತೆ, ಎಂಬತ್ತು ದಾಟಿದ ನಿವೃತ್ತ ಪ್ರೊಫೆಸರು. ನಾನು ಅದನ್ನು ನಂಬಿದೆನೇ ಎಂದರೆ, ಮುಕ್ಕಾಲು ಪಾಲು. ಬಿ-1ನ್ನು ಮುಂದಿನ ಕಂತಿನಲ್ಲಿ ಕಳಿಸಿದರು.

ಫಲಿತಾಂಶ ಬಂದದ್ದು ಯುಗಾದಿ ಕಳೆದ ಮೇಲೆ. ಆಗಿನ ಬಿಸಿಲಿಗೆ ಕೋಣೆಯ ತಗಡಿನ ಮಾಡು ಟಣಟಣ ಎನ್ನುತ್ತಿತ್ತು. ಮೇಡಂ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದರು. ಹನ್ನೆರಡು ಮನೆಯ ಹುರುಳಿಯ ಪಕ್ಕದಲ್ಲಿ ಹೋಲಿಕೆಗೆಂದು ಸಹಕಾರ ಸೊಸೈಟಿಯಲ್ಲಿ ಎಲ್ಲರಿಗೂ ಮಾರುವ ಬೀಜದ ಓದನ್ನೂ ಇಟ್ಟಿದ್ದರು. ಸಿದ್ದಮ್ಮನ ಬಿ-1ಕ್ಕೂ ಸೊಸೈಟಿ ಬೀಜಕ್ಕೂ ಸಾಸಿವೆಯಷ್ಟು ವ್ಯತ್ಯಾಸವಿರಲಿಲ್ಲ. ಎರಡೂ ಒಂದೇ.

"ಹೀಗಾಗುತ್ತೆ ಗಿರಿಜಾ. ಮನೆಯ ಬೀಜ ಅಂದುಕೊಂಡಿರ್ತಾರೆ, ಯಾವಾಗಲೋ ಬೆರೆತುಹೋಗಿರುತ್ತೆ. ಯಂತ್ರ ಸುಳ್ಳು ಹೇಳಲ್ಲ" ಎಂದರು ಮೇಡಂ. ಆಮೇಲೆ, "ಎಲೆ ಕಿತ್ತಿದ್ದು ನೀವೇನಾ?" ಎಂದರು.

"ಅಲ್ಲ, ಅವರೇ ಕಿತ್ತುಕೊಟ್ಟರು."

ಮೇಡಂ ಲ್ಯಾಪ್‌ಟಾಪ್ ಮುಚ್ಚಿದರು. ಯಾಕೆ ಕೇಳಿದರೆಂದು ನನಗೆ ಹೊಳೆಯಲಿಲ್ಲ. ಆ ಹೊತ್ತಿಗೆ ನಾನು ಅನುಮಾನ ಪಟ್ಟು ಪಟ್ಟು ಸುಸ್ತಾಗಿದ್ದೆ.

ಇದನ್ನು ಹೇಳಲು ನಾನೇ ಹೋಗಬೇಕೆಂದು ಹಟ ಹಿಡಿದೆ. ಕಾಗದದಲ್ಲಿ ಬಂದರೆ ಮಾದೇವಪ್ಪ ಓದಿ ಹೇಳುತ್ತಾರೆ, ಅತ್ತೆಯ ಸೆರಗಿನ ಬೀಜ ಸೊಸೈಟಿ ಬೀಜ ಎಂದು ಊರೆಲ್ಲ ನಗುತ್ತದೆ. ಮೇ ತಿಂಗಳ ಮಧ್ಯಾಹ್ನ ಸಿದ್ದಮ್ಮ ಜಗಲಿಯಲ್ಲಿ ಹುಣಸೆಹಣ್ಣು ಬಿಡಿಸುತ್ತಿದ್ದರು. ಒಬ್ಬರೇ ಇದ್ದರು. ನೀರು ಕೊಟ್ಟರು, ಬೆಲ್ಲ ಕೊಟ್ಟರು. ನಾನು ಎಲ್ಲವನ್ನೂ ಹೇಳಿದೆ. ಲಾಭ ಎಂದು ಬರೆದದ್ದು ನಾನು, ಮರೆತದ್ದು ನಾನು, ಯಾರೂ ಕದಿಯಲಿಲ್ಲ, ಕಣದಲ್ಲಿ ನಾನು ನಿಮ್ಮ ಮುಖ ನೋಡಲಾರದೆ ಹೋದದ್ದಕ್ಕೆ ನನ್ನ ತಪ್ಪೇ ಕಾರಣ ಎಂದೆ. ಆಮೇಲೆ ಧೈರ್ಯ ಮಾಡಿ, "ಸಿದ್ದಮ್ಮೋರೆ, ಬೇಜಾರು ಮಾಡ್ಕೋಬೇಡಿ. ಅದು ಸೊಸೈಟಿ ಬೀಜವೇ ಅಂತ ಬಂದಿದೆ" ಎಂದೆ.

ಸಿದ್ದಮ್ಮ ಹುಣಸೆಬೀಜ ಒಂದನ್ನು ಪಕ್ಕಕ್ಕೆ ಎಸೆದರು. "ಊಂ ಕಣ ಕೂಸು. ಸೊಸೈಟೀದೇಯ" ಎಂದರು.

"ಅಂದರೆ?"

"ಕೆಳಗಲ ಒಲಕ್ಕೆ ಆ ವರ್ಸ ಸೊಸೈಟಿ ಬೀಜ ಉಯ್ದಿದ್ದೊ. ನಮ್ಮತ್ತೆ ಉಳ್ಳಿ ಇದ್ದುದ್ದು ಮ್ಯಾಗಲ ಒಲದಲ್ಲಿ. ಉಣ್ಸೆಮರದ್ ಆಚ್ಗೆ. ನೀನು ಕೇಳುದ್ಯಲ್ಲ, ಮುಳ್ಳು ಅಂದ್ನಲ್ಲ."

ನಾನು ಕೈಲಿದ್ದ ಬೆಲ್ಲವನ್ನು ಜಗಲಿಯ ಮೇಲೆ ಇಟ್ಟುಬಿಟ್ಟೆ.

"ಏನ್ ಮಾಡನೆ ಮತ್ತೆ? ಬೈಕ್ನೋನೂ ಇಂಗೇ ನೀರ್ ಕುಡ್ದು ಬೆಲ್ಲ ತಿಂದು ನಗ್ನಗ್ತಾ 'ಅಮ್ಮಾ' ಅಂದಿದ್ದ. ನೀನ್ಯಾರೋ ಏನೋ. ಕದ್ರೆ ಸೊಸೈಟಿ ಬೀಜ ಕದ್ಕಳ್ಳಲಿ ಅಂತ ಕೊಟ್ಟೆ. ನಮ್ಮ ಮಾದೇವನ್ಗೂ ಯೋಳಿರ್ಲಿಲ್ಲ. ಅವ್ನು ಬಾಯ್ಬಡುಕ."

ಈಗ ಹೇಳುತ್ತೇನೆ, ನನಗೆ ಬಂದ ಸಿಟ್ಟು ಅಂತಿಂಥದ್ದಲ್ಲ. ಮೂರು ತಿಂಗಳು ನಿದ್ದೆಗೆಟ್ಟಿದ್ದೆ. ಊರ ಮುಂದೆ ಕಳ್ಳಿ ಅನಿಸಿಕೊಂಡಿದ್ದೆ. ಮಂಜುವಿನ ಚೀಲದ ಜಿಪ್ಪು ತೆಗೆದು ಪಾಪ ಕಟ್ಟಿಕೊಂಡಿದ್ದೆ. "ಅಲ್ಲ, ಕಣದಲ್ಲಿ ಅಷ್ಟು ಜನ ನನ್ನನ್ನ ಬೈಯುವಾಗ ಸುಮ್ಮನೆ ಕಾಳು ಕೇರ್ತಾ ಕೂತಿದ್ರಲ್ಲ, ನಿಮಗೆ ಕರುಣೆ ಇಲ್ವಾ? ನಾನು ನಿಮ್ಮನ್ನ ನಂಬಿದ್ದೆ!" ಎಂದು ಕೂಗಿಯೇಬಿಟ್ಟೆ. ಕಣ್ಣಲ್ಲಿ ನೀರು ಬಂತು.

"ನೀನು ನನ್ ನಂಬಿದ್ಕೆ ಏನ್ ಬಂತು? ನಾನು ನಿನ್ ನಂಬ್ಬೇಕಾಗಿತ್ತಲ್ಲ" ಎಂದರು ಸಿದ್ದಮ್ಮ. ದನಿಯಲ್ಲಿ ಸ್ವಲ್ಪವೂ ಏರಿಳಿತವಿಲ್ಲ. "ಕಳ್ದೋಯ್ತು ಅಂದೋರು ಇನ್ನೊಂದ್ ಸರ್ತಿ ಈ ಕಡೆ ತಲೆ ಆಕಾಕಿಲ್ಲ. ಸಿಕ್ಕುದ್ಮೇಲೆ ಬಂದು, ನಂದೇ ತಪ್ಪು ಅಂತ ಯಾವೋಳ್ ಯೋಳಾಳು? ನೀನು ಯೋಳ್ದೆ."

ಎದ್ದು ಒಳಗೆ ಹೋದರು. ಮಡಕೆಯ ಮುಚ್ಚಳ ಸರಿಸಿದ ಸದ್ದು ಕೇಳಿಸಿತು. ಬರುವಾಗ ಮುಂಗೈವರೆಗೂ ಬೀಜಕ್ಕೆ ಹುಳ ಹಿಡಿಯದಂತೆ ಬೆರೆಸುವ ಬೂದಿ. ಮುಷ್ಟಿ ತುಂಬ ಕಪ್ಪು ಚುಕ್ಕೆಯ, ಸಣ್ಣಗೆ ಚಪ್ಪಟೆಯಾದ ಕಾಳು. "ವೇಲ್ ಒಡ್ಡು" ಎಂದರು. ಒಡ್ಡಿದೆ. ಸುರಿದು, ವೇಲಿನ ತುದಿಯನ್ನು ತಾವೇ ಗಂಟು ಹಾಕಿ, ಹಲ್ಲಿನಿಂದ ಕಚ್ಚಿ ಬಿಗಿ ಮಾಡಿದರು. "ಇದ್ನ ಓದುಸ್ಕೊ ಓಗು" ಎಂದರು.

ಕಾಳನ್ನು ಮೇಡಂ ಕುಂಡದಲ್ಲಿ ಹಾಕಿ ಮೊಳಕೆ ಬರಿಸಿದರು, ಎಲೆ ತೆಗೆದು ಓದಿಸಿದರು. ಅದು ನಿಜವಾಗಿಯೂ ಬೇರೆಯೇ ಬಂತು. ಹೋಲಿಸಲು ಇಟ್ಟುಕೊಂಡಿದ್ದ ಯಾವ ಹುರುಳಿಗೂ ಅದು ತಾಳೆಯಾಗಲಿಲ್ಲ. ದಾಖಲೆಯಲ್ಲಿ ಸಿದ್ದಮ್ಮನ ಹೆಸರು, ಅವರ ಅತ್ತೆಯ ಹೆಸರು ಎರಡೂ ಇವೆ. ಮಾದೇವಪ್ಪ ಅದರ ನಕಲಿಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದಾರಂತೆ. ನನ್ನ ಗುತ್ತಿಗೆ ಮುಗಿದು ನಾನು ಬೇರೆ ಕೆಲಸಕ್ಕೆ ಹೋದೆ, ಮದುವೆಯಾಯಿತು.

ಆದರೆ ಆ ವರ್ಷ ಎಂದಾಗಲೆಲ್ಲ ನನಗೆ ನೆನಪಾಗುವುದು ಆ ಮಧ್ಯಾಹ್ನದ ಬಸ್ಸು. ನಂಜನಗೂಡಿನ ಕಡೆಗೆ ಕಿಕ್ಕಿರಿದು ಹೊರಟಿತ್ತು. ಹೇಗೋ ಕಿಟಕಿ ಪಕ್ಕ ಸೀಟು ಸಿಕ್ಕಿತು. ವೇಲಿನ ಗಂಟನ್ನು ಎರಡೂ ಕೈಯಲ್ಲಿ ಹಿಡಿದು ಮಡಿಲಲ್ಲಿಟ್ಟುಕೊಂಡಿದ್ದೆ. ಪಕ್ಕದಲ್ಲಿ ಕೂತಿದ್ದ ಹೆಂಗಸು, ನೋಡಿದರೆ ಒಳ್ಳೆಯವಳೇ, ದಾರಿಯುದ್ದಕ್ಕೂ ಗಂಟನ್ನೇ ನೋಡುತ್ತಿದ್ದಳು. ಕೊನೆಗೆ ತಡೆಯಲಾರದೆ, "ಏನವ್ವ ಅದು, ಅಂಗ್ ಇಡ್ಕಂಡಿದ್ದೀಯೆ? ಉಳ್ಳಿಕಾಳಾ?" ಎಂದು ಕೈ ಮುಂದೆ ಮಾಡಿದಳು.

ನಾನು ಗಂಟನ್ನು ಕಿಟಕಿಯ ಕಡೆಗೆ ಸರಿಸಿದೆ.

"ಹೂಂ. ಸೊಸೈಟಿ ಬೀಜ ಕಣ್ರೀ" ಎಂದೆ. "ಅಂಥಾದ್ದೇನಿಲ್ಲ."